ಮ್ಯಾಸ್ಟೊಡಾನಿನಲ್ಲಿ ಮನೆ ಬದಲಿಸಿದ್ದು

ಸಾಮಾಜಿಕ ಜಾಲವೆಂದರೆ ಯಾವುದೋ ಒಂದು ಕಂಪೆನಿಯ ಸ್ವತ್ತೆಂದೇ ನಾನು ಬಹುಕಾಲ ನಂಬಿದ್ದೆನು. ಮ್ಯಾಸ್ಟೊಡಾನಿನ ರೀತಿಯೇ ಬೇರೆ. ಜರ್ಮನಿಯಲ್ಲಿದ್ದ ಯೂಜೆನ್ ರೋಚ್ಕೊ ಎಂಬ ತರುಣನು ಇದನ್ನು 2016ರಲ್ಲಿ ಹೊರತಂದನು. ಈ ತಂತ್ರಾಂಶದ ಮೂಲ ಸಂಕೇತವು ಎಲ್ಲರಿಗೂ ತೆರೆದಿರುವುದರಿಂದ, ಬಲ್ಲವರು ಯಾರಾದರೂ ತಮ್ಮದೇ ಸರ್ವರನ್ನು ನಡೆಸಬಹುದು. ಊರೂರಿನ ಅಂಚೆಕಚೇರಿಗಳು ಒಂದೇ ಕಟ್ಟಳೆಯಂತೆ ಕಾಗದ ಸಾಗಿಸುವ ಹಾಗೆ, ಈ ಸರ್ವರುಗಳು ಆಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ ಸಂದೇಶಗಳನ್ನು ಒಂದಕ್ಕೊಂದು ಮುಟ್ಟಿಸುತ್ತವೆ. 2018ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದಕ್ಕೆ ಮನ್ನಣೆಯಿತ್ತಿತು.

ಕೇಳುವುದಕ್ಕೇನೋ ಸೊಗಸು. ಆದರೆ ನಾನಿದ್ದ ಸರ್ವರನ್ನು ನಡೆಸುತ್ತಿದ್ದಾತನು ಖರ್ಚು ತಾಳಲಾರದೆ, ಒಂದು ತಿಂಗಳ ಮುನ್ಸೂಚನೆ ಕೊಟ್ಟು ಬಾಗಿಲು ಮುಚ್ಚಿದನು. ನಾನು ಬೇರೊಂದು ಸರ್ವರಿನಲ್ಲಿ ಖಾತೆ ತೆರೆದು, ಹಳೆಯದರಲ್ಲಿ ಸ್ಥಳಾಂತರದ ಸೂಚನೆ ಕೊಟ್ಟೆನು. ನನ್ನನ್ನು ಅನುಸರಿಸುತ್ತಿದ್ದವರಲ್ಲಿ ಬಹುಪಾಲು ಜನರು ತಾವಾಗಿಯೇ ಹೊಸ ವಿಳಾಸಕ್ಕೆ ಬಂದು ಸೇರಿದರು. ಕಂಪೆನಿಗಳ ಜಾಲದಲ್ಲಿ ಇಂಥ ಅನುಕೂಲವನ್ನು ನಾನು ಕಂಡಿರಲಿಲ್ಲ.

ಆದರೆ ಬರೆದದ್ದು ಮಾತ್ರ ಬರಲಿಲ್ಲ! ಹಳೆಯ ಬರಹಗಳನ್ನು ಕಡತವಾಗಿ ಇಳಿಸಿಕೊಳ್ಳಬಹುದೇ ಹೊರತು ಹೊಸ ಖಾತೆಗೆ ಏರಿಸಲಾಗದು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ಅದನ್ನೂ ಮರೆತೆನು. ಅಜ್ಜಿಯಿಂದ ಕೇಳಿ ಎರಡು ವರ್ಷ ಬರೆದಿದ್ದ ಒಗಟುಗಳೆಲ್ಲ ಅಲ್ಲಿಯೇ ಹೋದವು. ಈಗ ತಿಂಗಳಿಗೊಮ್ಮೆ ಕಡತ ಇಳಿಸಿಕೊಳ್ಳುತ್ತೇನೆ. ಸರ್ವರಿನ ಖರ್ಚಿಗೆ ಕೈಲಾದಷ್ಟು ಕೊಡುತ್ತೇನೆ. ಒಗಟುಗಳಲ್ಲಿ ಅಜ್ಜಿಗೆ ಮತ್ತೆ ನೆನಪಾದಷ್ಟನ್ನು ನೋಟ್ ಪುಸ್ತಕದಲ್ಲಿಯೂ ಬರೆದಿಡುತ್ತಿದ್ದೇನೆ.