ಕಾಯಕಕ್ಕೆ ಮೂಲಧನ

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನು ಹೇಳಿದಳೆಂಬುದು ಪ್ರತೀತಿ. ಮನೆಯ ಅಳತೆಯನ್ನು ಬಲ್ಲವಳು ಗೃಹಿಣಿ.

ಚಾಂಪಿಯನ್ ರೀಫ್ಸ್ ಸೇರಿದಂತೆ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಂಬಳ ನಿಂತ ಮನೆಯವರು ಅಡವಿಡುವುದಾದರೂ ಏನನ್ನು? ಇಂಥವರಿಗೆ ಸ್ವಸಹಾಯ ಸಂಘವೇ ಆಸರೆ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಸ್ತ್ರೀಯರು ವಾರವಾರ ಉಳಿಸುವರು. ತಮ್ಮೊಳಗೇ ಸಾಲ ಕೊಡುವರು. ಒಬ್ಬಳ ಮಾತಿಗೆ ಉಳಿದವರು ಹೊಣೆ.

ಸಾಲದಿಂದ ಹೊಲಿಗೆಯಂತ್ರವನ್ನೋ ಹಸುವನ್ನೋ ಕೊಂಡರೆ ಕಾಯಕ ನೆಲೆಗೊಳ್ಳುವುದು. ಆಡಂಬರಕ್ಕೆ ವ್ಯಯಿಸಿದರೆ ಕಂತು ಕಟ್ಟಲು ಮತ್ತೊಂದು ಸಾಲವಾಗುವುದು. ಆದುದರಿಂದ ಭಕ್ತನು ಮಡದಿಯ ಹೆಸರಿನ ಸಾಲಕ್ಕೆ ತಾನು ಕೈಚಾಚದೆ, ಅವಳ ಲೆಕ್ಕವನ್ನು ಅವಳಿಗೇ ಬಿಡಲಿ. ಅವಳು ತೀರಿಸಿದ ಹಣವೇ ನೆರೆಯವಳ ಕಾಯಕಕ್ಕೆ ಮೂಲಧನ.