ಬಿಸಿನೀರಿನ ತೀರ್ಥಗಳು ಮತ್ತು ಸ್ನಾನದ ಕ್ರಮ

ಸಿದ್ದರಬೆಟ್ಟ ಹತ್ತಿ ಬಂದ ಭಕ್ತಾದಿಗಳು ಗವಿಯ ನೀರನ್ನು ತಲೆಗೆ ಹಾಕಿಕೊಂಡರೆ ಮೈ ಜುಮ್ಮೆನ್ನುತ್ತದೆ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯ ನೀರೂ ತಣ್ಣಗೇ ಇರುತ್ತದೆ. ಮಳೆಯ ನೀರು ಬಂಡೆಯ ಬಿರುಕಿನಲ್ಲಿ ಇಳಿದು, ಬಹಳ ಆಳಕ್ಕೆ ಹೋಗದೆ, ಮತ್ತೆ ಹೊರಗೆ ಬರುವ ಬುಗ್ಗೆಗಳ ಗುಣವೇ ಹೀಗೆ.

ಬಿಸಿನೀರಿನ ತೀರ್ಥದ ಸಂಗತಿ ಬೇರೆ. ಕರ್ನಾಟಕದಲ್ಲಿ ಇದಕ್ಕೆ ಹೆಸರಾದದ್ದು ದಕ್ಷಿಣ ಕನ್ನಡ ಜಿಲ್ಲೆಯ ಬೆಂದ್ರ್ ತೀರ್ಥ. ಪುತ್ತೂರಿನಿಂದ ಪಾಣಾಜೆ ಕಡೆಗೆ ಹೋಗುವಾಗ ಇರ್ದೆ ಗ್ರಾಮದಲ್ಲಿ, ಹೊಳೆಯ ಪಕ್ಕದಲ್ಲೇ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಕುದಿಯುವ ನೀರೇನಲ್ಲ, ಮೈಯ ಬಿಸಿಗಿಂತ ತುಸು ಆಚೀಚೆ, ಸುಮಾರು 37ರಿಂದ 40 ಡಿಗ್ರಿ. ಗಂಧಕದ ವಾಸನೆ ಬರುತ್ತದೆ. ನೀರು ಕಡಿಮೆಯಾಗಿ ಬಿಸಿ ತಗ್ಗಿದ ವರ್ಷಗಳೂ ಉಂಟು. ಆದ್ದರಿಂದ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿಗೂ ಹೋಗುವುದಾದರೆ ಪುತ್ತೂರಿನಲ್ಲಿ ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು. ಉತ್ತರದ ಯಾತ್ರೆಯಲ್ಲಿ ಬದರಿಯ ತಪ್ತಕುಂಡ, ಯಮುನೋತ್ರಿಯ ಸೂರ್ಯಕುಂಡ, ಹಿಮಾಚಲದ ಮಣಿಕರಣ್ ಸಿಗುತ್ತವೆ. ಮಣಿಕರಣ್‌ನಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಗ್ಗೆಯಲ್ಲಿ ಇಳಿಬಿಟ್ಟರೆ ಅನ್ನವಾಗುತ್ತದೆ.

"ನೆಲದೊಳಗೆ ಒಲೆ ಉರಿಸೋರು ಯಾರು?" ಎಂದು ಮಕ್ಕಳು ಕೇಳುತ್ತಾರೆ. ಒಲೆ ಇಲ್ಲ, ಎಲ್ಲ ಕಡೆಯೂ ಜ್ವಾಲಾಮುಖಿಯೂ ಬೇಕಿಲ್ಲ. ಭೂಮಿ ಆಳಕ್ಕೆ ಹೋದಷ್ಟೂ ಬಿಸಿ. ಅನೇಕ ಕಡೆ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ಮಳೆನೀರು ಬಹಳ ಆಳಕ್ಕೆ ಇಳಿದು ಕಾದು, ತಣಿಯುವ ಮೊದಲೇ ದೊಡ್ಡ ಬಿರುಕಿನ ದಾರಿ ಹಿಡಿದು ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ ನಿಂತಿರುವ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಈ ಹಳೆಯ ನೆಲದಡಿಯ ಕಾವು ಉಳಿದ ಕಡೆಗಿಂತ ಕಮ್ಮಿ. ಇಲ್ಲಿನ ಚಿಲುಮೆಗಳು ತಣ್ಣಗಿರುವುದರಲ್ಲಿ ಆಶ್ಚರ್ಯವಿಲ್ಲ.

ಬಿಸಿನೀರು ಬರಿಗೈಯಲ್ಲಿ ಬರುವುದಿಲ್ಲ. ಕಲ್ಲಿನ ಜೊತೆ ಬಹುಕಾಲ ಇದ್ದು ಅದರ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಇದನ್ನು ಪಾವಗಡ, ಶಿರಾ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಬಂದು ಹಲ್ಲು ಕಂದುಗಟ್ಟಿದ, ಮಂಡಿ ಸೊಂಟ ಬಿಗಿದ ಜನ ಎಷ್ಟೋ ಊರುಗಳಲ್ಲಿದ್ದಾರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಸಲ್ಲದು. ಕುದಿಸಿದರೂ ಫ್ಲೋರೈಡ್ ಹೋಗದು. ಬಿಸಿ ಬುಗ್ಗೆಗಳಲ್ಲೂ ಫ್ಲೋರೈಡ್ ಹೆಚ್ಚಿರುವುದು ಸಾಮಾನ್ಯ. ತೀರ್ಥವೆಂದು ಒಂದು ಹನಿ ಬಾಯಿಗೆ ಬಿಟ್ಟುಕೊಳ್ಳುವುದು ಬೇರೆ. ಕ್ಯಾನಿನಲ್ಲಿ ತುಂಬಿ ತಂದು ಮನೆಮಂದಿಗೆಲ್ಲ, ಎಳೆ ಮಕ್ಕಳಿಗೂ ದಿನಾ ಕುಡಿಸುವುದು ಬೇರೆ. ಅದು ಬೇಡ.

ಸ್ನಾನಕ್ಕೆ ಅಡ್ಡಿಯಿಲ್ಲ. ಮಂಡಿನೋವಿಗೆ ಬಿಸಿನೀರು ಹಿತ. ಗಂಧಕವನ್ನು ಚರ್ಮದ ಮುಲಾಮುಗಳಲ್ಲೂ ಹಾಕುತ್ತಾರೆ. ಹಾಗೆಂದು ಡಾಕ್ಟರು ಕೊಟ್ಟ ಔಷಧಿ ನಿಲ್ಲಿಸಬಾರದು. ಚಳಿಯಲ್ಲಿ ನಡುಗುತ್ತ ಬಂದವರು ಏಕಾಏಕಿ ಕುಂಡಕ್ಕೆ ಇಳಿಯಬಾರದು. ಮೊದಲು ಪಾದಕ್ಕೆ, ಆಮೇಲೆ ಮೈಗೆ ನೀರು ಹಾಕಿಕೊಳ್ಳಬೇಕು. ಹತ್ತು ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇರುವ ಹಿರಿಯರೂ ಗರ್ಭಿಣಿಯರೂ ಚೆಂಬಿನಲ್ಲಿ ಸುರಿದುಕೊಂಡರೆ ಸಾಕು, ಅದೂ ಉಗುರುಬೆಚ್ಚಗಿದ್ದರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಜೊತೆಯವರು ಕೈಯಿಟ್ಟು ನೋಡಿ ಹೇಳಬೇಕು. ಮೇಲೇಳುವಾಗ ತಲೆ ಸುತ್ತುವುದುಂಟು, ಕಂಬಿ ಹಿಡಿದು ನಿಧಾನವಾಗಿ ಏಳಬೇಕು. ಸೋಪು, ಶಾಂಪು ಮಾತ್ರ ಕುಂಡಕ್ಕೆ ಬೇಡವೇ ಬೇಡ.

ಮೂರು ಮುಳುಗು ಹಾಕುವವರು ಮೂಗು ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಚ್ಚಗೆ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಅಮೀಬಾ ಇರಬಹುದು. ಕುಡಿದರೆ ಅದರಿಂದ ಈ ರೋಗ ಬಾರದು. ಮೂಗಿನಿಂದ ಏರಿದರೆ ಮಿದುಳಿಗೆ ಹೋಗುತ್ತದೆ. ಬರುವುದು ಬಹಳ ಅಪರೂಪ, ಬಂದರೆ ಉಳಿಯುವುದು ಕಷ್ಟ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಮಿದುಳು ಜ್ವರದಿಂದ ಮಕ್ಕಳೂ ದೊಡ್ಡವರೂ ತೀರಿಕೊಂಡರು. ಸಣ್ಣ ಮಕ್ಕಳ ತಲೆ ಮುಳುಗಿಸದೆ, ಹಣೆ ಹಿಂದಕ್ಕೆ ಬಾಗಿಸಿ ಚೆಂಬಿನಲ್ಲಿ ನೀರು ಹಾಕಿದರೆ ಸ್ನಾನಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಊರಿಗೆ ಮರಳಿದ ಎರಡು ವಾರದೊಳಗೆ ಜೋರು ಜ್ವರ, ತಡೆಯಲಾಗದ ತಲೆನೋವು, ವಾಂತಿ, ಕತ್ತು ಬಿಗಿತ ಬಂದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ, ಯಾವ ಕುಂಡದಲ್ಲಿ ಯಾವತ್ತು ಸ್ನಾನ ಮಾಡಿದ್ದು ಎಂಬುದನ್ನೂ ಡಾಕ್ಟರಿಗೆ ತಿಳಿಸಬೇಕು.