ಊಟದಲ್ಲಿಯ ಖನಿಜ ಲವಣಗಳು: ಬೆಳೆಗೂ ಬೇಕು, ನಮಗೂ ಬೇಕು



ಕೃಷ್ಣಾ ನದಿಯ ದಂಡೆಯ ಎರೆಹೊಲಗಳಲ್ಲಿ ಕುಳೆ ಕಬ್ಬು ಹಳದಿಗೆ ತಿರುಗುವದನ್ನು ರಾಯಬಾಗ, ಅಥಣಿ, ಕಾಗವಾಡ ಕಡೆಯವರು ನೋಡಿಯೇ ಇದ್ದೀರಿ. ಮೊದಲು ಎಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಪಟ್ಟೆ ಹಳದಿಯಾಗುತ್ತದೆ; ಕೊರತೆ ಬಲಿತರೆ ಇಡೀ ಎಲೆ ಬೆಳ್ಳಗಾಗುತ್ತದೆ. ಇದು ಕಬ್ಬಿಣದ ಕೊರತೆ. ವಿಚಿತ್ರವೆಂದರೆ ಅದೇ ಹೊಲದ ಮೇಲ್ಮಣ್ಣಿನಲ್ಲಿ ಎಕರೆಗೆ ಟನ್ನುಗಟ್ಟಲೆ ಕಬ್ಬಿಣ ಇರುತ್ತದೆ. ಮಣ್ಣಿನಲ್ಲಿಯ ಸುಣ್ಣ ಅದನ್ನು ಹಿಡಿದಿಟ್ಟಿರುವದರಿಂದ ಬೇರಿಗೆ ಸಿಗುವದಿಲ್ಲ. ಆಗ ನಾವು ಅನ್ನಭೇದಿಯನ್ನು ನೀರಿನಲ್ಲಿ ಕರಗಿಸಿ, ಕಬ್ಬಿಣ ಕರಗಿಯೇ ಇರಲೆಂದು ಸ್ವಲ್ಪ ನಿಂಬೆ ಉಪ್ಪು ಕೂಡಿಸಿ, ಎಲೆಯ ಮೇಲೆ ಸಿಂಪಡಿಸುತ್ತೇವೆ.

ಕಬ್ಬಿನ ಹಳದಿಗೆ ಉಪಾಯ ಕೇಳಿಕೊಂಡು ಬರುವವರು ಬಹಳ. ಅದೇ ಕೊರತೆ ಮನೆಯ ಹೆಣ್ಣುಮಕ್ಕಳಲ್ಲಿ ಇದ್ದರೆ ಕೇಳುವವರು ಕಡಿಮೆ. ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿರಿ. ಒಳಗೆ ಕೆಂಪಿಲ್ಲದೆ ಬಿಳುಚಿಕೊಂಡಿದ್ದರೆ, ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತಿದ್ದರೆ, ರಕ್ತ ಕಡಿಮೆಯಾಗಿದೆ ಎಂದು ಸಂಶಯಪಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8ರಷ್ಟು, 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ರಕ್ತಹೀನತೆ ಕಂಡಿತು. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದೇ ಅಲ್ಲ. ಬಯಲಿನ ಹಸಿ ಮಣ್ಣಿನಲ್ಲಿ ಬರಿಗಾಲಿಗೆ ಹತ್ತುವ ಕೊಕ್ಕೆಹುಳವೂ ರಕ್ತ ಹೀರುತ್ತದೆ. ಆದರೆ ದೊಡ್ಡ ಕಾರಣ ಕಬ್ಬಿಣದ ಕೊರತೆಯೇ.

ನಾವು ಎಳೆದುಕೊಂಡ ಉಸಿರಿನ ಸತ್ವವನ್ನು ಮೈಯ ಎಲ್ಲ ಭಾಗಗಳಿಗೆ ಹೊತ್ತೊಯ್ಯುವದು ರಕ್ತದಲ್ಲಿಯ ಕಬ್ಬಿಣ. ತಿಂಗಳ ಮುಟ್ಟು, ಬಸಿರು, ಹೆರಿಗೆ ಇವುಗಳಿಂದ ಹೆಂಗಸರಿಗೆ ಅದು ಹೆಚ್ಚು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಗೊತ್ತುಮಾಡಿದಂತೆ ದಿನಕ್ಕೆ ಗಂಡಸಿಗೆ 19, ಹೆಂಗಸಿಗೆ 29 ಮಿಲಿಗ್ರಾಂ. ನಮ್ಮ ಮನೆಗಳಲ್ಲಿ ಕೊನೆಗೆ ಊಟಕ್ಕೆ ಕೂಡುವವಳು, ಪಲ್ಲೆ ಮುಗಿದ ಪಾತ್ರೆಗೆ ರೊಟ್ಟಿ ಒರೆಸಿ ತಿನ್ನುವವಳು ಅವಳೇ.

ನಮ್ಮ ಧಾನ್ಯ ಕೆಟ್ಟದ್ದಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕೂ ಹೆಚ್ಚು ಕಬ್ಬಿಣ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದೂ ಇಲ್ಲ. ರೊಟ್ಟಿ ಬಿಟ್ಟು ಅನ್ನಕ್ಕೆ ಹೋಗುವದು ದೊಡ್ಡಸ್ತಿಕೆ ಎಂದು ತಿಳಿಯುವವರು ಇದನ್ನು ನೆನಪಿಡಲಿ. ಆದರೂ ಇಲ್ಲಿ ಹೊಲದ ಮಾತೇ ಬರುತ್ತದೆ: ಕಬ್ಬಿಣ ಇದ್ದರೆ ಸಾಲದು, ಸಿಗಬೇಕು. ಕಾಳಿನಲ್ಲಿಯ ಫೈಟಿಕ್ ಆಮ್ಲ ಅದನ್ನು ಕಟ್ಟಿಹಾಕುತ್ತದೆ. ಊಟದ ಜೊತೆಗೆ ಕುಡಿದ ಚಹಾದ ಒಗರು ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಡಿದುಬಿಡುತ್ತದೆ. ಬೆಳಿಗ್ಗೆ ಚಹಾದಲ್ಲಿ ರೊಟ್ಟಿ ಅದ್ದಿ ತಿಂದು ತಂಬಾಕು ಕೆಲಸಕ್ಕೋ ಕಬ್ಬಿನ ಹೊಲಕ್ಕೋ ಹೋಗುವ ತಾಯಂದಿರಿಗೆ ಅಂದಿನ ರೊಟ್ಟಿಯ ಕಬ್ಬಿಣ ಹೆಚ್ಚಾಗಿ ಸಿಕ್ಕಿರುವದಿಲ್ಲ. ಚಹಾ ಬಿಡಿರಿ ಎಂದರೆ ನನ್ನ ಮಾತು ಯಾರೂ ಕೇಳಲಿಕ್ಕಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ ಎನ್ನುತ್ತೇನೆ.

ಕಬ್ಬಿನ ಸಿಂಪರಣೆಯಲ್ಲಿ ನಿಂಬೆ ಉಪ್ಪು ಮಾಡುವ ಕೆಲಸವನ್ನು ಊಟದಲ್ಲಿ ನಿಂಬೆಹಣ್ಣು, ಪೇರಲ, ನೆಲ್ಲಿಕಾಯಿ ಮಾಡುತ್ತವೆ. ರೊಟ್ಟಿಯ ಜೊತೆ ಹಸಿ ಮೆಂತ್ಯೆ ಪಲ್ಲೆ, ಹಕ್ಕರಕಿ ತಿನ್ನುವ ನಮ್ಮ ಹಿರಿಯರ ರೂಢಿ ಇದಕ್ಕೇ ಒದಗುತ್ತದೆ. ಮಡಕಿ, ಹೆಸರು ಕಾಳುಗಳನ್ನು ನೆನೆಹಾಕಿ ಮೊಳಕೆ ಕಟ್ಟಿದರೆ ಫೈಟಿಕ್ ಆಮ್ಲ ತಗ್ಗುತ್ತದೆ.

ಸತುವಿನ ವಿಷಯವೂ ಹೀಗೆಯೇ. 1958ರಲ್ಲಿ ಇರಾನಿನ ಶಿರಾಜದಲ್ಲಿ ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ ಅವರ ಮುಂದೆ 21 ವರ್ಷದ ತರುಣನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗ. ಅವನ ಮುಖ್ಯ ಊಟ ಹುಳಿಬರಿಸದ ಗೋದಿ ರೊಟ್ಟಿ, ಮೇಲೆ ಮಣ್ಣು ತಿನ್ನುವ ಚಟ. ಕಬ್ಬಿಣದ ಜೊತೆಗೆ ಸತುವೂ ಸಿಗದೆ ಬೆಳವಣಿಗೆ ನಿಂತಿತ್ತೆಂದು ಅವರು ಮುಂದೆ ತೋರಿಸಿದರು. ನಮ್ಮಲ್ಲಿಯೂ ಗೋಡೆಯ ಮಣ್ಣು ಕೆರೆದು ತಿನ್ನುವ ಮಕ್ಕಳನ್ನು, ಬಸುರಿಯರನ್ನು ಬಯ್ಯುತ್ತಾರೆ. ಬಯ್ಯುವ ಬದಲು ರಕ್ತ ತಪಾಸಣೆ ಮಾಡಿಸಿರಿ. ಸತು ಕಡಿಮೆಯಿರುವ ಹೊಲದಲ್ಲಿ ಗೋವಿನಜೋಳದ ಸುಳಿ ಬೆಳ್ಳಗಾಗುತ್ತದೆ, ಕಾಳಿನಲ್ಲಿಯೂ ಸತು ಕಡಿಮೆ. ಮಣ್ಣು ಪರೀಕ್ಷೆಯಂತೆ ಝಿಂಕ್ ಸಲ್ಫೇಟ್ ಹಾಕಿದರೆ ಇಳುವರಿಯೊಂದೇ ಅಲ್ಲ, ಊಟವೂ ಸುಧಾರಿಸುತ್ತದೆ. ಅಥಣಿಯ ಒಣ ಭಾಗದಲ್ಲಿ ಸಜ್ಜೆ ಬಿತ್ತುವವರು, 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ ಹೆಚ್ಚು ಕಬ್ಬಿಣದ ‘ಧನಶಕ್ತಿ’ ತಳಿಯನ್ನು ವಿಚಾರಿಸಬಹುದು.

ಸುಣ್ಣದ ಅಂಶ ಎಲುಬಿಗೆ ಬೇಕು, ದಿನಕ್ಕೆ 1000 ಮಿಲಿಗ್ರಾಂ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1200 ಇದೆ. ಆದರೆ ಹಾಲೆಲ್ಲ ಡೇರಿಗೆ, ಮನೆಗೆ ಚಹಾದಷ್ಟು! ಮಕ್ಕಳಿಗೆ ಒಂದೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಹಾಕಿರಿ. ಮಜ್ಜಿಗೆಯಲ್ಲಿ, ಎಳ್ಳಿನಲ್ಲಿಯೂ ಸುಣ್ಣವಿದೆ. ಉಪ್ಪು ಅಯೋಡಿನ್ ಇದ್ದದ್ದೇ ಇರಲಿ, ಮುಚ್ಚಿಡಿರಿ, ದಿನಕ್ಕೆ 5 ಗ್ರಾಂ ಮೀರದಿರಲಿ.

ಹಿಂದೆ ಹಿಂಗಾರಿ ಜೋಳದಲ್ಲಿ ಅಕ್ಕಡಿಯಾಗಿ ಕಡಲೆ, ಕುಸುಬಿ, ಅಗಸಿ ತಾವಾಗಿಯೇ ಮನೆಗೆ ಬರುತ್ತಿದ್ದವು. ಕಬ್ಬು ರೊಕ್ಕ ತರುತ್ತದೆ, ಪಲ್ಲೆ ತರುವದಿಲ್ಲ. ಪೂರ್ತಿ ಕಬ್ಬು ಹಚ್ಚುವವರು ಎರಡು ಗುಂಟೆಯನ್ನಾದರೂ ಮೆಂತ್ಯೆ, ರಾಜಗಿರಿ, ಮಡಕಿಗೆ ಬಿಡಿರಿ; ದಂಡೆಗೆ ಒಂದು ನಿಂಬೆಗಿಡ, ಒಂದು ನುಗ್ಗೆ.

ಬಸುರಿಯರಿಗೆ ಊಟವೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪುಕ್ಕಟೆ ಸಿಗುವ ಕಬ್ಬಿಣದ ಗುಳಿಗೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ಮೇಲೆ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆಂದು ಅರ್ಧಕ್ಕೇ ಬಿಡುವವರಿದ್ದಾರೆ. ಅದರಿಂದ ಏನೂ ಕೆಡುಕಿಲ್ಲ. ವಾಕರಿಕೆ ಬಂದರೆ ಊಟದ ಮೇಲೆ ತೆಗೆದುಕೊಳ್ಳಿರಿ, ಚಹಾದ ಜೊತೆಗೂ ಸುಣ್ಣದ ಗುಳಿಗೆಯ ಜೊತೆಗೂ ಬೇಡ. ಈ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವ ಫೆರಸ್ ಸಲ್ಫೇಟೇ ಕಬ್ಬಿಗೆ ಹೊಡೆಯುವ ಅನ್ನಭೇದಿ. ಹಾಗೆಂದು ಹೊಲದ ಪುಡಿಯನ್ನು ಯಾರೂ ಬಾಯಿಗೆ ಹಾಕಬಾರದು. ಅದು ಶುದ್ಧವಲ್ಲ, ಅಳತೆಯೂ ತಿಳಿಯದು. ಗುಳಿಗೆಗಳನ್ನೂ ಸಣ್ಣ ಮಕ್ಕಳ ಕೈಗೆ ನಿಲುಕದಂತೆ ಮೇಲೆ ಇಡಿರಿ.